ಠೇವಣಿದಾರರ ವಿಶ್ವಾಸ: ಕರಾವಳಿಯ ಬ್ಯಾಂಕುಗಳ ಚರಿತ್ರೆಯಿಂದ ಕೆಲವು ಪುಟಗಳು



ದೂರದ ದುಬೈಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದು ಎರಡು ಪ್ರಶ್ನೆಗಳನ್ನು ಕೇಳಿದ್ದಾನೆ. ಅವನ ತಂದೆ ಈಗಲೂ ಪೇಟೆಗೆ ಹೊರಟಾಗ "ಸಿಂಡಿಕೇಟಿಗ್ ಹೋಯ್ ಬತ್ತೆ" ಎನ್ನುತ್ತಾರಂತೆ. ಆ ಕಟ್ಟಡದ ಮೇಲಿನ ಫಲಕ ಬದಲಾಗಿ ವರ್ಷಗಳೇ ಕಳೆದಿವೆ. ಒಂದು ಕಂಪೆನಿಯ ಹೆಸರಿನ ಮೇಲೆ ಜನರಿಗೆ ಇಷ್ಟು ಮಮತೆ ಹೇಗೆ ಬೆಳೆಯಿತು ಎಂಬುದು ಅವನ ಮೊದಲ ಪ್ರಶ್ನೆ. ಅವನು ಉದ್ಯೋಗದಲ್ಲಿರುವ ಸಂಸ್ಥೆಯ ಮೇಲೆ ಗ್ರಾಹಕರು ಇತ್ತೀಚೆಗೆ ವಿಶ್ವಾಸ ಕಳೆದುಕೊಂಡಿದ್ದಾರಂತೆ. ಒಮ್ಮೆ ಮುರಿದ ವಿಶ್ವಾಸ ಪುನಃ ಕೂಡಿಬರುತ್ತದೆಯೇ ಸಾರ್, ಎಂಬುದು ಎರಡನೆಯದು. ಚರಿತ್ರೆ ಪಾಠ ಮಾಡಿದವನಿಗೆ ಇಂತಹ ಪ್ರಶ್ನೆಗೆ ಒಂದೆರಡು ವಾಕ್ಯಗಳಲ್ಲಿ ಉತ್ತರಿಸಲು ಬರುವುದಿಲ್ಲ. ಆದುದರಿಂದ ಉತ್ತರವನ್ನು ಎಲ್ಲರಿಗೂ ಸಲ್ಲುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ಬ್ಯಾಂಕುಗಳು ಬರುವ ಮೊದಲು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹಣವು ಮನೆಯೊಳಗೇ ಇರುತ್ತಿತ್ತು. ಉಳ್ಳವರ ಮನೆಯಲ್ಲಿ ಅದು ಬಂಗಾರದ ರೂಪದಲ್ಲಿ, ಬೇಸಾಯಗಾರರ ಮನೆಯಲ್ಲಿ ಭತ್ತದ ರೂಪದಲ್ಲಿ ಇತ್ತು. ಕಷ್ಟಕಾಲದಲ್ಲಿ ಒಡವೆಯನ್ನೋ ಗದ್ದೆಯ ಪತ್ರವನ್ನೋ ಸಾಹುಕಾರರಲ್ಲಿ ಅಡವಿಟ್ಟು ಸಾಲ ತರಬೇಕಾಗಿತ್ತು. "ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ" ಎಂಬ ಗಾದೆ ಬೇರೂರಿದ್ದ ಸಮಾಜವದು. ಅಂತಹ ಜನರು ತಮ್ಮ ಗಳಿಕೆಯನ್ನು ಪರಿಚಯವಿಲ್ಲದ ಒಂದು ಸಂಸ್ಥೆಯ ಮೇಜಿನ ಮೇಲಿಟ್ಟು, ಬದಲಿಗೆ ಒಂದು ಚೀಟಿಯನ್ನು ಪಡೆದು ಮನೆಗೆ ಮರಳಬೇಕಾದರೆ ಅದೆಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ನಾವು ಇಂದು ಊಹಿಸುವುದೂ ಕಷ್ಟ.

1906ನೆಯ ಇಸವಿ ಈ ಕಥೆಯ ಆರಂಭ. ಆ ವರ್ಷದ ಮಾರ್ಚ್ 12ರಂದು ಉಡುಪಿಯಲ್ಲಿ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭವಾಯಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಅಲ್ಲಿ ಸಂಗ್ರಹವಾದ ಮೊತ್ತ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. 1910ರಲ್ಲಿ ಕೆನರಾ ಬ್ಯಾಂಕ್ ಆದದ್ದು ಇದೇ ಸಂಸ್ಥೆ. ಎರಡೂ ನಿಧಿಗಳ ಮಾದರಿಯಲ್ಲಿ ಹುಟ್ಟಿದಂಥವು. ಹಣ ಇಡುವವರೂ ಸಾಲ ಪಡೆಯುವವರೂ ಬಹುಮಟ್ಟಿಗೆ ಪರಸ್ಪರ ಪರಿಚಿತರು. ಆಡಳಿತದವರ ಮನೆ ಎಲ್ಲಿದೆ, ಅವರ ಮಾತು ಎಷ್ಟು ತೂಕದ್ದು ಎಂಬುದು ಊರಿಗೆಲ್ಲ ತಿಳಿದಿತ್ತು.

ಅದೇ ವರ್ಷದ ಅಕ್ಟೋಬರ್ 22ರಂದು ಮದರಾಸಿನಲ್ಲಿ ಅರ್ಬತ್‌ನಾಟ್ ಎಂಬ ಪ್ರತಿಷ್ಠಿತ ಆಂಗ್ಲ ಕಂಪೆನಿ ದಿವಾಳಿಯಾಯಿತು. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತೆಂಬುದನ್ನು ನೆನಪಿಡಬೇಕು. ನಿವೃತ್ತ ನೌಕರರು, ವಿಧವೆಯರು, ಸಣ್ಣ ಜಮೀನುದಾರರು ತಮ್ಮ ಬಾಳಿನ ಗಳಿಕೆಯನ್ನೆಲ್ಲ ಅಲ್ಲಿ ಇಟ್ಟಿದ್ದರು. ಕಂಪೆನಿಯ ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟನಿಗೆ ನ್ಯಾಯಾಲಯ ಸೆರೆವಾಸ ವಿಧಿಸಿತು. ಭವ್ಯವಾದ ಕಟ್ಟಡ, ಬಿಳಿಯರ ಹೆಸರು, ಸರಕಾರದ ಸಾಮೀಪ್ಯ ಇವು ಯಾವುವೂ ವಿಶ್ವಾಸಕ್ಕೆ ಆಧಾರವಾಗಲಾರವು ಎಂಬುದನ್ನು ದಕ್ಷಿಣ ಭಾರತ ಅಂದು ಕಲಿಯಿತು. ಮರುವರ್ಷ, 1907ರಲ್ಲಿ, ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರ ಪ್ರಯತ್ನದಿಂದ ಇಂಡಿಯನ್ ಬ್ಯಾಂಕ್ ಹುಟ್ಟಿತು. ಒಂದು ಸಂಸ್ಥೆಯ ಮೇಲಿನ ನಂಬಿಕೆ ಕುಸಿದಾಗ ಜನರು ಕೈಕಟ್ಟಿ ಕೂರದೆ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡದ್ದಕ್ಕೆ ಇದೊಂದು ನಿದರ್ಶನ.

ಈಗ ನಮ್ಮ ಊರಿಗೆ ಬರೋಣ. ಉಡುಪಿಯ ಆ ಬ್ಯಾಂಕು ಹದಿನೇಳು ವರ್ಷಗಳ ಅನಂತರ, 1923ರಲ್ಲಿ, ತನ್ನ ಮೊತ್ತಮೊದಲ ಶಾಖೆಯನ್ನು ತೆರೆದದ್ದು ನಮ್ಮ ಕುಂದಾಪುರದಲ್ಲಿ. ಮಂಗಳೂರಿನ ಶಾಖೆ ಬಂದದ್ದು ಅದರ ಬಳಿಕ, 1926ರಲ್ಲಿ. ಉಡುಪಿಗೂ ಕುಂದಾಪುರಕ್ಕೂ ನಡುವೆ ಸ್ವರ್ಣಾ ಮತ್ತು ಸೀತಾ ನದಿಗಳಿವೆ. ಹೊಳೆಯ ದಡದಲ್ಲಿ ದೋಣಿಗಾಗಿ ಕಾಯಬೇಕಾಗಿದ್ದ ಆ ದಿನಗಳಲ್ಲಿ, ಮಳೆಗಾಲದಲ್ಲಂತೂ, ಉಡುಪಿಯೆಂದರೆ ದೂರದ ಊರೇ. ಹೊಳೆಯಾಚೆಯ ಆಡಳಿತದವರನ್ನು ಹೊಳೆಯೀಚೆಯ ಜನರು ನಂಬಬೇಕಾದ ಪ್ರಸಂಗ ಮೊದಲು ಒದಗಿದ್ದು ಆಗಲೇ. ಪರಿಚಯದ ಮುಖ ಕಾಣದ ಕಡೆ ಲೆಕ್ಕದ ಪುಸ್ತಕ ಮಾತನಾಡಬೇಕಾಗುತ್ತದೆ.

ಈ ವಿಚಾರವನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಉಡುಪಿಯ ಮತ್ತೊಂದು ಸಂಸ್ಥೆಯವರು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. ಕೈಮಗ್ಗದ ಉದ್ಯಮ ಕುಸಿದು ಕಂಗಾಲಾಗಿದ್ದ ನೇಕಾರರಿಗೆ ನೆರವಾಗುವುದು ಅವರ ಮೊದಲ ಉದ್ದೇಶ. 1928ರಲ್ಲಿ ಅವರ ಮೊದಲ ಶಾಖೆ ಬ್ರಹ್ಮಾವರದಲ್ಲಿ ತೆರೆಯಿತು. ಅದೇ ವರ್ಷ ಪಿಗ್ಮಿ ಠೇವಣಿಯ ಯೋಜನೆಯೂ ಜಾರಿಗೆ ಬಂತು.

ಪಿಗ್ಮಿಯ ಕ್ರಮ ಬಹಳ ಸರಳ. ಸಂಗ್ರಾಹಕನು ದಿನವೂ ಮನೆಬಾಗಿಲಿಗೆ, ಅಂಗಡಿಯ ಬಾಗಿಲಿಗೆ ಬರುತ್ತಾನೆ. ಎರಡಾಣೆಯಾದರೂ ಸರಿ, ಸ್ವೀಕರಿಸುತ್ತಾನೆ. ಕೊಟ್ಟವರ ಎದುರಿನಲ್ಲಿಯೇ ಅದನ್ನು ಬರೆದು ಕೊಡುತ್ತಾನೆ. ನನ್ನ ಬಾಲ್ಯದಲ್ಲಿ ನಮ್ಮ ಅಜ್ಜಿ ಅಕ್ಕಿಯ ಡಬ್ಬಿಯ ತಳದಲ್ಲಿ ನಾಣ್ಯಗಳನ್ನು ಕೂಡಿಡುತ್ತಿದ್ದರು. ಸಂಗ್ರಾಹಕರು ಬಂದು ಚಾವಡಿಯಲ್ಲಿ ಕುಳಿತರೆ ಮೊದಲು ಬೆಲ್ಲ ನೀರು, ಅನಂತರ ಲೆಕ್ಕ. ಅಜ್ಜಿಗೆ ಅಕ್ಷರ ಬಾರದು. ಆದರೆ ಪುಸ್ತಕದಲ್ಲಿ ಹೊಸ ಸಾಲು ಬಿದ್ದಿದೆಯೇ ಎಂಬುದನ್ನು ಬೆರಳಿಟ್ಟು ನೋಡಿ, ನನ್ನಿಂದ ಓದಿಸಿ, ಬಳಿಕವೇ ಅವರನ್ನು ಬೀಳ್ಕೊಡುತ್ತಿದ್ದರು. "ಹನಿ ಹನಿ ಗೂಡಿದರೆ ಹಳ್ಳ" ಎಂಬ ಗಾದೆಯನ್ನು ಉಳಿತಾಯದ ಬಗ್ಗೆ ಹೇಳುವುದು ವಾಡಿಕೆ. ಅಲ್ಲಿ ದಿನವೂ ಹನಿಹನಿಯಾಗಿ ಕೂಡುತ್ತಿದ್ದುದು ಹಣದೊಂದಿಗೆ ವಿಶ್ವಾಸ ಕೂಡ. ನಿನ್ನೆ ಕೊಟ್ಟದ್ದು ಇಂದು ಪುಸ್ತಕದಲ್ಲಿ ಸರಿಯಾಗಿದ್ದರೆ ಇಂದಿನದನ್ನೂ ಕೊಡಬಹುದು, ತಪ್ಪಿದ್ದರೆ ಹೋಗುವುದು ಎರಡಾಣೆ ಮಾತ್ರ. ವರ್ಷಗಟ್ಟಲೆ ಹೀಗೆ ಪರೀಕ್ಷಿಸಿ ನೋಡುವ ಅವಕಾಶ ಬಡವರಿಗೆ ಸಿಕ್ಕಿತು. ನನ್ನ ವಿದ್ಯಾರ್ಥಿಯ ಮೊದಲ ಪ್ರಶ್ನೆಗೆ ಇದು ಉತ್ತರವೆಂದು ಭಾವಿಸುತ್ತೇನೆ.

ಇನ್ನು ಎರಡನೆಯ ಪ್ರಶ್ನೆ. ವಿಶ್ವಾಸ ಮುರಿಯುವ ಬಗೆಯನ್ನು ಮೊದಲು ತಿಳಿಯಬೇಕು. ಯಾವ ಬ್ಯಾಂಕೂ ಜನರು ಇಟ್ಟ ಹಣವನ್ನೆಲ್ಲ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕುಳಿತಿರುವುದಿಲ್ಲ. ಬಹುಪಾಲು ಸಾಲವಾಗಿ ಹೊರಗೆ ಹೋಗಿರುತ್ತದೆ. ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಪ್ರಾಮಾಣಿಕವಾದ ಬ್ಯಾಂಕೂ ಕೊಡಲಾರದು. ಆದುದರಿಂದ ಸುಳ್ಳು ಸುದ್ದಿಯೂ ಇಲ್ಲಿ ನಿಜವಾಗಿಬಿಡಬಲ್ಲದು. 1913ರ ಸುಮಾರಿಗೆ ಲಾಹೋರಿನ ಪೀಪಲ್ಸ್ ಬ್ಯಾಂಕು, ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕು ಮುಂತಾದ ಹತ್ತಾರು ಬ್ಯಾಂಕುಗಳು ಬಿದ್ದವು. 1938ರಲ್ಲಿ ತಿರುವಾಂಕೂರು ನ್ಯಾಷನಲ್ ಮತ್ತು ಕ್ವಿಲೋನ್ ಬ್ಯಾಂಕು ಮುಚ್ಚಿದಾಗ ದಕ್ಷಿಣದ ಠೇವಣಿದಾರರೆಲ್ಲ ತಲ್ಲಣಿಸಿದರು. ಸ್ವಾತಂತ್ರ್ಯ ಬಂದ ಮೇಲೆ 1949ರ ಬ್ಯಾಂಕಿಂಗ್ ಕಂಪೆನಿಗಳ ಕಾಯಿದೆಯು ರಿಸರ್ವ್ ಬ್ಯಾಂಕಿಗೆ ತನಿಖೆಯ ಅಧಿಕಾರವನ್ನು ಕೊಟ್ಟಿತು. ಆದರೆ ತನಿಖೆಯಿಂದ ತಿಳಿದುಬಂದದ್ದು ಕಡತದಲ್ಲಿ ಉಳಿಯುತ್ತಿತ್ತೇ ಹೊರತು ಹಣ ಇಟ್ಟವರ ಕಿವಿಗೆ ಬೀಳುತ್ತಿರಲಿಲ್ಲ.

1960ರ ಆಗಸ್ಟ್ 8ರಂದು ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ರಿಸರ್ವ್ ಬ್ಯಾಂಕಿನ ಅರ್ಜಿಯ ಮೇರೆಗೆ ಹೈಕೋರ್ಟಿನ ಆದೇಶದಿಂದ ಮುಚ್ಚಿತು. ಕೇರಳದ ಅತಿ ದೊಡ್ಡ ಬ್ಯಾಂಕು ಹೀಗೆ ಒಂದೇ ದಿನದಲ್ಲಿ ಬಾಗಿಲು ಹಾಕಿದಾಗ, ಸಣ್ಣ ಬ್ಯಾಂಕುಗಳ ಮುಂದೆಲ್ಲ ಜನರು ಸಾಲುಗಟ್ಟಿದರು. ಸರಕಾರವು ಧೈರ್ಯದ ಮಾತುಗಳನ್ನು ಆಡಿತು. ಆದರೆ ಮಾತಿನಿಂದ ಕೆಲಸ ಪೂರ್ತಿ ಆಗಲಿಲ್ಲ. ಕೆಲಸ ಆದದ್ದು ಎರಡು ಕ್ರಮಗಳಿಂದ. ದುರ್ಬಲ ಬ್ಯಾಂಕುಗಳನ್ನು ಬಲವಾದವುಗಳೊಡನೆ ಸೇರಿಸುವ ಅಧಿಕಾರವನ್ನು 1960ರ ತಿದ್ದುಪಡಿ ನೀಡಿತು. 1951ರಲ್ಲಿ ದೇಶದಲ್ಲಿ 566 ಬ್ಯಾಂಕುಗಳಿದ್ದವು, 1969ರ ಹೊತ್ತಿಗೆ ಅವು 89ಕ್ಕೆ ಇಳಿದವು. ಎರಡನೆಯದಾಗಿ, 1961ರಲ್ಲಿ ಠೇವಣಿ ವಿಮಾ ನಿಗಮದ ಕಾಯಿದೆ ಬಂತು. ಅಮೆರಿಕದಲ್ಲಿ ಇಂತಹ ಏರ್ಪಾಡು 1933ರ ಮಹಾಕುಸಿತದ ಕಾಲದಲ್ಲಿಯೇ ಆಗಿತ್ತು. ನಮ್ಮಲ್ಲಿ 1962ರ ಜನವರಿ 1ರಿಂದ 287 ವಾಣಿಜ್ಯ ಬ್ಯಾಂಕುಗಳ ಪ್ರತಿಯೊಬ್ಬ ಠೇವಣಿದಾರನಿಗೂ 1,500 ರೂಪಾಯಿಯವರೆಗೆ ಭದ್ರತೆ ದೊರೆಯಿತು. ಈ ಮೊತ್ತ ದೊಡ್ಡದಲ್ಲ. ಆದರೆ ಅದುವರೆಗೆ ಆಡಳಿತದವರ ಒಳ್ಳೆಯತನವಾಗಿದ್ದದ್ದು ಅಂದಿನಿಂದ ಠೇವಣಿದಾರನ ಹಕ್ಕಾಯಿತು.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಇದ್ದವು. 1980ರ ಏಪ್ರಿಲ್ 15ರಂದು ಸೇರಿದ ಆರರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳಿದ್ದವು. ಒಟ್ಟು 20ರಲ್ಲಿ ನಾಲ್ಕು ನಮ್ಮ ಒಂದೇ ಜಿಲ್ಲೆಯ ಕೊಡುಗೆ ಎಂಬುದು ಪಾಠಪುಸ್ತಕದಲ್ಲಿ ಬರಬೇಕಾಗಿದ್ದ ಸಂಗತಿ.

ದೊಡ್ಡ ಬ್ಯಾಂಕುಗಳ ಮಾತು ಇಷ್ಟಾಯಿತು. ಮುರಿದ ವಿಶ್ವಾಸ ಕೂಡಿಬರುವುದನ್ನು ನಾನು ಕಣ್ಣಾರೆ ಕಂಡದ್ದು ಒಂದು ಚಿಕ್ಕ ಸಂಸ್ಥೆಯಲ್ಲಿ. 1980ರ ದಶಕದಲ್ಲಿ ನಾನು ಕೆಲಸ ಮಾಡುತ್ತಿದ್ದ ಹಳ್ಳಿಯ ಸಹಕಾರಿ ಸಂಘವದು. ಹೆಸರು ಬೇಡ. ಲೆಕ್ಕ ಪರಿಶೋಧನೆಯಲ್ಲಿ ನಗದು ಕಡಿಮೆ ಬಂತು. ಆಡಳಿತದವರಿಗೆ ಬೇಕಾದವರ ಸಾಲಗಳು ವರ್ಷಗಳಿಂದ ಬಾಕಿ ಇದ್ದವು. ಸುದ್ದಿ ಹಬ್ಬಿದ ಮರುದಿನ ಬೆಳಿಗ್ಗೆ ಸಂಘದ ಜಗಲಿಯಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಮೀನು ಮಾರುವ ಹೆಂಗಸರು ಬುಟ್ಟಿಯನ್ನು ಬೇಲಿಯ ಬದಿಯಲ್ಲಿಟ್ಟು ನಿಂತಿದ್ದರು. ಬೊಂಬಾಯಿಯ ಹೋಟೆಲಿನಲ್ಲಿ ಮಗ ದುಡಿದು ಕಳುಹಿಸಿದ ಹಣವನ್ನು ಮಗಳ ಮದುವೆಗೆಂದು ಇಟ್ಟಿದ್ದ ತಾಯಿಯೊಬ್ಬರು ಯಾರನ್ನೂ ಬೈಯದೆ ಮೆಟ್ಟಲಿನ ಮೇಲೆ ಸುಮ್ಮನೆ ಕುಳಿತಿದ್ದರು. ಹಳ್ಳಿಯ ಸಂಘಗಳಿಗೆ ಠೇವಣಿ ವಿಮೆಯ ರಕ್ಷಣೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಹಳೆಯ ಮಂಡಳಿ ರಾಜೀನಾಮೆ ಕೊಟ್ಟಿತು. ಹೊಸದಾಗಿ ಬಂದ ಅಧ್ಯಕ್ಷರು ಒಬ್ಬ ಸಾಮಾನ್ಯ ಕೃಷಿಕರು, ಭಾಷಣ ಬಾರದವರು. ಮೊದಲ ಸಭೆಯಲ್ಲಿ ಅವರು "ಎಲ್ಲ ಸರಿಯಾಗುತ್ತದೆ" ಎಂದು ಹೇಳಲಿಲ್ಲ. ಎಷ್ಟು ಹಣ ಇದೆ, ಎಷ್ಟು ಇಲ್ಲ, ಬರಬೇಕಾದದ್ದು ಯಾರಿಂದ ಎಂಬುದನ್ನು ಓದಿ ಹೇಳಿದರು. ಬಾಕಿದಾರರ ಪಟ್ಟಿ ಫಲಕದ ಮೇಲೆ ಬಂತು, ಅದರಲ್ಲಿ ಅವರ ಸ್ವಂತ ದಾಯಾದಿಯ ಹೆಸರೂ ಇತ್ತು. ಇದ್ದ ಹಣದಲ್ಲಿ ಮೊದಲು ಐನೂರು ರೂಪಾಯಿಯೊಳಗಿನ ಠೇವಣಿಗಳನ್ನು ಪೂರ್ತಿಯಾಗಿ ಕೊಡುವುದು, ದೊಡ್ಡವರು ಕಾಯುವುದು ಎಂದು ನಿಶ್ಚಯವಾಯಿತು. ಮೂರನೆಯದಾಗಿ, ಪ್ರತಿ ಶನಿವಾರ ಮಧ್ಯಾಹ್ನ ಠೇವಣಿದಾರರು ಆರಿಸಿದ ಇಬ್ಬರು ಲೆಕ್ಕದ ಪುಸ್ತಕವನ್ನು ನೋಡಬಹುದೆಂದು ಗೊತ್ತುಮಾಡಿದರು. ಆ ಇಬ್ಬರಲ್ಲಿ ಒಬ್ಬನಾಗಿ ನನ್ನನ್ನು ಆರಿಸಿದರು.

ಶಾಲೆ ಬಿಟ್ಟ ಮೇಲೆ ಸಂಘದ ಜಗಲಿಯಲ್ಲಿ ಕುಳಿತು ಆ ವಾರದ ಜಮೆ ಖರ್ಚನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ. ಮೊದಲ ವಾರಗಳಲ್ಲಿ ಎಪ್ಪತ್ತು ಎಂಬತ್ತು ಜನ ಸೇರುತ್ತಿದ್ದರು. "ನನ್ದ್ ಎಷ್ಟ್ ಬರ್ದಿದ್ರ್, ಓದಿ ಕಾಂಬ ಮಾಸ್ಟ್ರೆ" ಎಂದು ಒಬ್ಬೊಬ್ಬರೇ ಮುಂದೆ ಬರುತ್ತಿದ್ದರು. ಕೆಲವರು ಕೋಪದಿಂದ ಕೇಳುತ್ತಿದ್ದರು, ಕೆಲವರು ಒಂದೇ ಪ್ರಶ್ನೆಯನ್ನು ಮೂರು ವಾರ ಕೇಳಿದರು. ಅಧ್ಯಕ್ಷರು ಯಾರನ್ನೂ ತಡೆಯಲಿಲ್ಲ. ಆರು ತಿಂಗಳ ಬಳಿಕ ಸೇರುವವರು ಇಪ್ಪತ್ತಕ್ಕೆ ಇಳಿದರು. ಒಂದು ವರ್ಷದ ಮೇಲೆ ಒಂದು ಶನಿವಾರ ಯಾರೂ ಬರಲಿಲ್ಲ. ನಾನು ಖಾಲಿ ಜಗಲಿಯನ್ನು ನೋಡಿ ಬೇಸರಿಸಿದಾಗ ಅಧ್ಯಕ್ಷರು ನಕ್ಕು, "ಜನ ಬಾರದಿದ್ದರೂ ಓದಬೇಕು ಮಾಸ್ಟ್ರೆ, ನಿಲ್ಲಿಸಿದರೆ ನಾಳೆಯೇ ಬರುತ್ತಾರೆ" ಎಂದರು. ಆ ದಿನವೂ ಓದಿದೆವು. ಆ ತಾಯಿಯ ಹಣ ಪೂರ್ತಿ ಕೈಸೇರಲು ಎರಡು ವರ್ಷ ಹಿಡಿಯಿತು. ಮದುವೆ ತಡವಾಯಿತು. ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕವೂ ತುಂಬಿಕೊಡಲಿಲ್ಲ. ಮಗಳ ಮದುವೆಯ ಮರುವರ್ಷ ಅವರು ಪುನಃ ನೂರು ರೂಪಾಯಿ ತಂದು ಅದೇ ಸಂಘದಲ್ಲಿ ಇಟ್ಟಾಗ, ರಶೀದಿ ಬರೆದ ಗುಮಾಸ್ತನ ಕೈ ನಡುಗಿದ್ದನ್ನು ನಾನು ಕಂಡಿದ್ದೇನೆ.

ವಿಶ್ವಾಸದ ಭಾರವನ್ನು ಹೊತ್ತವರನ್ನೂ ಇಲ್ಲಿ ನೆನೆಯಬೇಕು. ಪಿಗ್ಮಿ ಸಂಗ್ರಾಹಕರಿಗೆ ಸಿಗುತ್ತಿದ್ದದ್ದು ಸಂಗ್ರಹದ ಮೇಲಿನ ಕಮಿಷನ್ ಮಾತ್ರ. ಜನರು ಬ್ಯಾಂಕನ್ನು ನಂಬುತ್ತಿದ್ದದ್ದು ಇವರ ಮುಖ ನೋಡಿ, ಆದರೆ ಬ್ಯಾಂಕಿನ ದೃಷ್ಟಿಯಲ್ಲಿ ಇವರು ನೌಕರರೇ ಆಗಿರಲಿಲ್ಲ. ಈ ವಿವಾದದಲ್ಲಿ ಕೈಗಾರಿಕಾ ನ್ಯಾಯಮಂಡಳಿಯು 1988ರಲ್ಲಿ ತೀರ್ಪು ಕೊಟ್ಟಿತು. 2001ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಠೇವಣಿ ಸಂಗ್ರಾಹಕರು ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ ಕೆಲಸಗಾರರೇ ಎಂದು ಎತ್ತಿಹಿಡಿಯಿತು. ಜನರ ಮುಂದೆ ನಿಲ್ಲುವವನನ್ನು ತನ್ನವನೆಂದು ಒಪ್ಪದ ಸಂಸ್ಥೆಯು ಜನರಿಂದ ಮಾತ್ರ ವಿಶ್ವಾಸವನ್ನು ಅಪೇಕ್ಷಿಸುವುದು ನ್ಯಾಯವಲ್ಲ.

ಇದೆಲ್ಲ ಹಳೆಯ ಕಾಲದ ಮಾತೆಂದು ತಿಳಿಯಬೇಡಿ. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಿಎಂಸಿ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಠೇವಣಿದಾರರಿಗೆ ಮೊದಲು ಸಿಕ್ಕ ಅನುಮತಿ 1,000 ರೂಪಾಯಿ ತೆಗೆಯಲು ಮಾತ್ರ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೂ ನಿರ್ಬಂಧ ಬಂತು. ಅಲ್ಲಿ ಮಿತಿ 35,000 ರೂಪಾಯಿ. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಬಹಳ ಮಂದಿ. ಅವರು ಒಟ್ಟುಗೂಡಿದರು, ಸಭೆ ಸೇರಿದರು, ಲೆಕ್ಕ ಕೇಳಿದರು. ಅದೇ ವರ್ಷದ ಫೆಬ್ರವರಿ 4ರಿಂದ ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಒಂದು ಲಕ್ಷದ ಮಿತಿ 1993ರಿಂದ ಬದಲಾಗದೆ ಕುಳಿತಿತ್ತು. 2021ರ ತಿದ್ದುಪಡಿಯು ನಿರ್ಬಂಧ ಬಂದ 90 ದಿನಗಳೊಳಗೆ ವಿಮೆಯ ಹಣ ಸಿಗಬೇಕೆಂದು ವಿಧಿಸಿತು. ಬ್ಯಾಂಕು ಮುಚ್ಚುವವರೆಗೆ ಕಾಯಬೇಕಾಗಿದ್ದ ಹಳೆಯ ಸ್ಥಿತಿ ಇದರಿಂದ ತಪ್ಪಿತು.

ಈ ಎಲ್ಲ ಪ್ರಸಂಗಗಳನ್ನು ಒಟ್ಟಿಗೆ ನೋಡಿದಾಗ ನನಗೆ ತೋರುವುದು ಇಷ್ಟು. ವಿಶ್ವಾಸವನ್ನು ಕಳೆದುಕೊಂಡ ಸಂಸ್ಥೆಯು "ನಮ್ಮನ್ನು ನಂಬಿ" ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ನಂಬದೆಯೂ ಪರೀಕ್ಷಿಸಿ ನೋಡುವ ಸಾಧನವನ್ನು ಅದು ಜನರ ಕೈಗೆ ಕೊಡಬೇಕು. ಅಜ್ಜಿಯ ಕೈಯಲ್ಲಿ ಅದು ಪಿಗ್ಮಿಯ ಪುಸ್ತಕವಾಗಿತ್ತು, 1962ರಲ್ಲಿ ವಿಮೆಯ ಹಕ್ಕಾಗಿತ್ತು, ನಮ್ಮ ಹಳ್ಳಿಯಲ್ಲಿ ಶನಿವಾರದ ಓದಾಗಿತ್ತು. ಕೊಡುವಾಗ ಚಿಕ್ಕವರಿಂದ ಆರಂಭಿಸಬೇಕು. ಜನರು ಕೇಳುವುದನ್ನು ಬಿಟ್ಟ ಮೇಲೆಯೂ ಲೆಕ್ಕ ಓದುವುದನ್ನು ಬಿಡಬಾರದು. ಜನರ ಪಾಲಿನ ಹೊಣೆಯೂ ಇದೆ. ಜಗಲಿಗೆ ಬಂದು ಪ್ರಶ್ನೆ ಕೇಳುವವನು ಸಂಸ್ಥೆಯ ವೈರಿಯಲ್ಲ. ಅವನು ಇನ್ನೂ ಅದನ್ನು ತನ್ನದೆಂದು ತಿಳಿದಿದ್ದಾನೆ. ಮಾತಿಲ್ಲದೆ ಹಣ ತೆಗೆದುಕೊಂಡು ಹೊರಟುಹೋದವನನ್ನು ಮರಳಿ ಕರೆತರುವುದು ಅದಕ್ಕಿಂತ ಬಹಳ ಕಷ್ಟ.

ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಕುಂದಾಪುರದಲ್ಲಿ ಮೊದಲ ಶಾಖೆ ತೆರೆದ ಬ್ಯಾಂಕೂ, ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆದ ಬ್ಯಾಂಕೂ ಇಂದು ಹೆಸರಿನಿಂದ ಇಲ್ಲ. ಕರಾವಳಿಯ ಜನರಿಗೆ ನೋವಾದದ್ದು ಸಹಜ, ಏಕೆಂದರೆ ಅವರನ್ನು ಯಾರೂ ಕೇಳಲಿಲ್ಲ. ಹೊಸ ಫಲಕದ ಬ್ಯಾಂಕುಗಳು ಆ ಮಮತೆಯನ್ನು ಸಂಪಾದಿಸಬೇಕಾದರೆ, ಪ್ರಾದೇಶಿಕ ಭಾಷೆಯಲ್ಲಿ ಮಾತನಾಡುವ ಗುಮಾಸ್ತ ಮತ್ತು ಹಿರಿಯರ ಪಾಸ್‌ಬುಕ್ಕಿನಲ್ಲಿ ತಪ್ಪದೆ ಬೀಳುವ ಸಾಲು, ಇಷ್ಟರಿಂದಲಾದರೂ ಆರಂಭಿಸಬಹುದು.

ನಿಮ್ಮ ಮನೆಗಳ ಅಟ್ಟದಲ್ಲಿ, ಅಜ್ಜಅಜ್ಜಿಯರ ಪೆಟ್ಟಿಗೆಗಳಲ್ಲಿ ಹಳೆಯ ಪಿಗ್ಮಿ ಪುಸ್ತಕವೋ ಪಾಸ್‌ಬುಕ್ಕೋ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನನಗೆ ತಿಳಿಸಿ. ಎರಡಾಣೆಯ ಆ ಸಾಲುಗಳನ್ನು ಒಮ್ಮೆ ಓದುವ ಆಸೆ ನನಗಿದೆ.